ಟ್ವಿಲ್, ಟಸರ್, ಕ್ರೇಪ್: ನನ್ನ ಕತ್ತಿಗೆ ಒಪ್ಪಿದ ರೇಷ್ಮೆ ಯಾವುದು?

ನನ್ನ ಹತ್ತಿರ ಮೂರು ರೇಷ್ಮೆ ಸ್ಕಾರ್ಫ್‌ಗಳಿವೆ. ಅಕ್ಕ ಪ್ಯಾರಿಸ್‌ನಿಂದ ತಂದ, ಹರ್ಮೆಸ್ ಅನ್ನುವ ಫ್ರೆಂಚ್ ಕಂಪನಿಯ ಚೌಕ ಸ್ಕಾರ್ಫ್, ಬಿಹಾರದ ಭಾಗಲ್ಪುರದ ಟಸರ್, ಮೈಸೂರಿನಲ್ಲಿ ಕೊಂಡ ಕ್ರೇಪ್ ಸ್ಟೋಲ್ (ಉದ್ದನೆಯ ಹೊದಿಕೆ). ಒಂದು ಚಳಿಗಾಲ ಪೂರ್ತಿ ಮೂರನ್ನೂ ಬದಲಾಯಿಸಿ ಬದಲಾಯಿಸಿ ಆಫೀಸಿಗೆ ಹಾಕಿಕೊಂಡು ಹೋದೆ. ನನ್ನದು ಗೋಧಿಬಣ್ಣ, ಗಿಡ್ಡ ಕತ್ತು. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ನಿಮ್ಮ ಬಣ್ಣ, ಕತ್ತು ಬೇರೆಯಾದರೆ ನಿಮ್ಮ ಆಯ್ಕೆಯೂ ಬೇರೆಯಾಗುತ್ತದೆ.

ಹರ್ಮೆಸ್‌ನವರು ಈ ಚೌಕವನ್ನು 1937ರಿಂದ ಮಾಡುತ್ತಿದ್ದಾರೆ. ಬದಿಗೆ 90 ಸೆಂ.ಮೀ. ಬಟ್ಟೆ ಟ್ವಿಲ್. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಓರೆ ಗೆರೆಗಳು ಕಾಣುತ್ತವೆ. ಈ ನೇಯ್ಗೆಗೆ ಒಂದು ಬಿಗಿ ಇದೆ, ಹಾಕಿದ ಗಂಟು ಸಂಜೆಯವರೆಗೂ ಅಲ್ಲಾಡುವುದಿಲ್ಲ. ಅಂಚನ್ನಂತೂ ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಕೈಯಲ್ಲೇ ಸುರುಳಿ ಸುತ್ತಿ, ಕೈಯಲ್ಲೇ ಹೊಲಿದದ್ದು. ಬೆರಳಾಡಿಸಿದರೆ ತೆಳ್ಳನೆಯ ಹುರಿಯ ಹಾಗೆ ಉಬ್ಬಿಕೊಂಡಿದೆ. ಇಸ್ತ್ರಿ ಮಾಡುವಾಗ ದಯವಿಟ್ಟು ಆ ಅಂಚಿನ ಮೇಲೆ ಪೆಟ್ಟಿಗೆ ಒತ್ತಬೇಡಿ.

ಆದರೆ ಎರಡು ಸುತ್ತು ಸುತ್ತಿದರೆ ನನ್ನ ಗಲ್ಲದ ಕೆಳಗೆ ಗುಪ್ಪೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಮಡಿಸಿ, ಪಟ್ಟಿ ಮಾಡಿ, ಗಂಟನ್ನು ಎದೆಯ ಹತ್ತಿರ ಇಳಿಸಿದ ಮೇಲೆ ನನಗೆ ಒಪ್ಪಿತು. ಉದ್ದ ಕತ್ತಿನವರಿಗೆ ಈ ಕಷ್ಟವೇ ಇಲ್ಲ.

ಟಸರ್ ಬಣ್ಣಕ್ಕೆ ಸಾಟಿಯಿಲ್ಲ. ಮತ್ತಿ ಮರದ ಎಲೆ ತಿನ್ನುವ ಕಾಡು ಹುಳುವಿನ ನೂಲು, ಹುಟ್ಟಾ ಜೇನಿನ ಬಣ್ಣ. ಗೋಧಿಬಣ್ಣದ ಮುಖಕ್ಕೆ ತಕ್ಷಣ ಕಳೆ ಕೊಡುತ್ತದೆ. ಆದರೆ ಸ್ವಲ್ಪ ಒರಟು, ಮಧ್ಯಾಹ್ನದ ಹೊತ್ತಿಗೆ ಸುಕ್ಕು. ಕತ್ತಿಗೆ ಸುತ್ತಬೇಡಿ, ಹೆಗಲಿಗೆ ಹೊದೆಯಿರಿ.

ಮೈಸೂರು ಕ್ರೇಪ್‌ನಲ್ಲಿ ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯುತ್ತಾರೆ. ಅದಕ್ಕೇ ಮುಟ್ಟಿದರೆ ತುಸು ತರಿತರಿ. ಆ ತರಿಯಿಂದಲೇ ಹೆಗಲಿನಿಂದ ಜಾರುವುದಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ಒಂದು ಗಂಟೆ ನಿಂತು ಬಂದರೂ ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ಬ್ಯಾಗಿಗೆ ತುರುಕಿದರೂ ಅಷ್ಟಾಗಿ ಸುಕ್ಕಾಗುವುದಿಲ್ಲ. ಎರಡು ಸುತ್ತು ಸುತ್ತಿದರೂ ಗುಪ್ಪೆಯಾಗದೆ ಕೆಳಗಿಳಿಯುತ್ತದೆ. ಒಂದೇ ಒಂದು ಕೊಳ್ಳುವುದಾದರೆ ನಾನು ಇದನ್ನೇ ಕೊಳ್ಳುತ್ತೇನೆ.

ಬಣ್ಣದಲ್ಲಿ ಮಾತ್ರ ಒಮ್ಮೆ ಮೋಸ ಹೋದೆ. ಅಂಗಡಿಯ ಹಳದಿ ದೀಪದಲ್ಲಿ ತಿಳಿಗುಲಾಬಿ ಕ್ರೇಪ್ ಎಷ್ಟು ಚೆನ್ನಾಗಿತ್ತು ಅಂದರೆ, ಸುಮ್ನೆ ತೆಗೆದುಕೊಂಡುಬಿಟ್ಟೆ. ಮನೆಯ ಕಿಟಕಿ ಬಳಿ ಹಾಕಿಕೊಂಡರೆ ಮುಖ ಬಾಡಿದ ಹಾಗಿತ್ತು. ಬೆಳ್ಳಗಿರುವ ನಾದಿನಿಗೆ ಅದೇ ಎಷ್ಟು ಒಪ್ಪಿತು ಗೊತ್ತಾ? ಅವಳಿಗೇ ಕೊಟ್ಟೆ. ಆಮೇಲೆ ಕುಂಕುಮದ ಬಣ್ಣದ್ದು ಕೊಳ್ಳುವಾಗ ಕನ್ನಡಿ ಹಿಡಿದು ಅಂಗಡಿ ಬಾಗಿಲಿಗೆ ಬಂದು, ಬಿಸಿಲಿನಲ್ಲಿ ಗಲ್ಲದ ಕೆಳಗಿಟ್ಟು ನೋಡಿಯೇ ದುಡ್ಡು ಕೊಟ್ಟೆ.