ಗ್ರಂಥಋಣಕ್ಕೆ ಬಿಬ್‌ಟೆಕ್ ಸಾಕಾ, ಬೈಬರ್ ಬೇಕಾ?

ತಂಗಿಯ ಪಿಎಚ್‌ಡಿ ಪ್ರಬಂಧವನ್ನು ಲೇಟೆಕ್‌ನಲ್ಲಿ (ಬರಹದ ಜೊತೆ ಆದೇಶ ಬರೆದು ಪುಟ ಜೋಡಿಸುವ ತಂತ್ರಾಂಶ) ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡಾಗ ಕೊನೆಯ ಗ್ರಂಥಋಣದ ಪಟ್ಟಿ ನನ್ನ ತಲೆಯಲ್ಲೇ ಇರಲಿಲ್ಲ. ಇನ್ನೂರರ ಹತ್ತಿರ ಪುಸ್ತಕ, ಲೇಖನಗಳು. ಮುಕ್ಕಾಲು ಪಾಲು ಕನ್ನಡದವು, ಉಳಿದವು ಇಂಗ್ಲಿಷಿನವು. ಕೊನೆಗೆ ಅದೇ ಪಟ್ಟಿಯನ್ನು ಮೂರು ಸಲ ಮೂರು ಥರ ಮಾಡಿದೆ.

ಮೊದಲು ಕೈಯಲ್ಲೇ, ಒಂದೊಂದು ಪುಸ್ತಕಕ್ಕೂ ಬಿಬ್‌ಐಟಂ ಅನ್ನೋ ಆದೇಶ ಹಾಕುತ್ತಾ ಹೋದೆ. ಹತ್ತು ಹದಿನೈದು ಪುಸ್ತಕಗಳಿದ್ದರೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ನಲವತ್ತು ದಾಟಿದ ಮೇಲೆ ಗೈಡ್, "ವರ್ಷ ಕೊನೆಗೆ ಬೇಡ, ಹೆಸರಿನ ಪಕ್ಕ ಬರಲಿ" ಅಂದರು. ಅಲ್ಲಿಗೆ ಕೈಬಿಟ್ಟೆ.

ಆಮೇಲೆ ಬಿಬ್‌ಟೆಕ್. ಓರೆನ್ ಪಟಾಶ್ನಿಕ್ 1985ರಲ್ಲಿ ಮಾಡಿದ, ಗ್ರಂಥಋಣದ ಪಟ್ಟಿಯನ್ನು ತಾನೇ ಜೋಡಿಸಿಕೊಡುವ ಪ್ರೋಗ್ರಾಂ. ಪುಸ್ತಕದ ವಿವರ ಬಿಬ್ ಫೈಲಿನಲ್ಲಿ, ಅದು ಕಾಣುವ ರೀತಿ ಬಿಎಸ್‌ಟಿ ಫೈಲಿನಲ್ಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ಇಂಗ್ಲಿಷ್ ಪುಸ್ತಕಗಳೆಲ್ಲ ಅಚ್ಚುಕಟ್ಟಾಗಿ ಬಂದವು. ಎಡವಟ್ಟಾಗಿದ್ದು ಕನ್ನಡದಲ್ಲಿ.

ಹೆಸರನ್ನು ಇನಿಷಿಯಲ್ ಮಾಡುವ ಶೈಲಿ ಕೊಟ್ಟೆ. ಬಿಬ್‌ಟೆಕ್‌ಗೆ ಒಂದು ಅಕ್ಷರ ಅಂದರೆ ಒಂದು ಬೈಟ್. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಆಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 'ಮ' ಅನ್ನೋದಕ್ಕೇ 3 ಬೈಟ್, 'ಮಾ' ಅಂದರೆ 6. ಅದು ಮೊದಲ ಬೈಟನ್ನು ಮಾತ್ರ ಕತ್ತರಿಸಿ ಕೊಟ್ಟಿತು. ಆ ಚೂರನ್ನು ಇಟ್ಟುಕೊಂಡು ಝೀಲೇಟೆಕ್ (ಕನ್ನಡ ಅಕ್ಷರ ಓದಬಲ್ಲ ಲೇಟೆಕ್) ತಾನೇ ಏನು ಮಾಡೀತು? ಹೆಸರುಗಳ ಜಾಗದಲ್ಲಿ ಸಾಲುಸಾಲು ಖಾಲಿ ಡಬ್ಬಿ.

ಇನಿಷಿಯಲ್ ಬೇಡ ಅಂತ ಬಿಟ್ಟೆ. ಆಗ ಗೈಡ್ ಇನ್ನೊಂದು ತಪ್ಪು ಹಿಡಿದರು: "ಬಸವರಾಜ ಆದಮೇಲೆ ಅಲ್ವಾ ಬಳಿಗಾರ ಬರೋದು?" ಹೌದಲ್ಲ! ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದಮೇಲೆ. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಅದು ಲ ಪಕ್ಕದಲ್ಲೇ, ವ, ಶ, ಸಗಳಿಗಿಂತ ಮುಂಚೆ ಕೂತಿದೆ. ಬಿಬ್‌ಟೆಕ್ ಬೈಟ್ ನೋಡಿ ಜೋಡಿಸುತ್ತದೆ, ಅದಕ್ಕೆ ವರ್ಣಮಾಲೆ ಗೊತ್ತಿಲ್ಲ.

ಸರಿ, ಬಿಎಸ್‌ಟಿ ಫೈಲನ್ನೇ ತಿದ್ದೋಣ ಅಂತ ತೆರೆದೆ. ಅದರ ಭಾಷೆಯಲ್ಲಿ ಮೊದಲು ವಸ್ತುಗಳು, ಕೊನೆಗೆ ಕ್ರಿಯೆ. ಕನ್ನಡದ ವಾಕ್ಯದ ಹಾಗೇ ಇದೆ, ಆದರೂ ನನಗೆ ಒಲಿಯಲಿಲ್ಲ. ಎರಡು ರಾತ್ರಿ ಹೋಯಿತು.

ಮೂರನೆಯದು ಗ್ರಂಥಋಣಕ್ಕೆಂದೇ ಇರುವ ಲೇಟೆಕ್ ಪ್ಯಾಕೇಜ್ ಬಿಬ್‌ಲೇಟೆಕ್, ಅದರ ಹಿಂದೆ ದುಡಿಯುವ ಪ್ರೋಗ್ರಾಂ ಬೈಬರ್. ಬೈಬರ್‌ಗೆ ಯುನಿಕೋಡ್ ಅರ್ಥವಾಗುತ್ತದೆ. ಯಾವ ಭಾಷೆಯ ಕ್ರಮದಲ್ಲಿ ಜೋಡಿಸಬೇಕು ಅಂತ ಹೇಳುವ ಸಾರ್ಟ್‌ಲೊಕೇಲ್ ಅನ್ನೋ ಕಡೆ ಕನ್ನಡದ ಸಂಕೇತ ಹಾಕಿದೆ, ಬಳಿಗಾರ ತನ್ನ ಜಾಗಕ್ಕೆ ಹೋಯಿತು. 'ಎಟ್ ಆಲ್' ಬದಲು 'ಮತ್ತು ಇತರರು' ಬೇಕಿತ್ತು. ಅದಕ್ಕೆ ಲೇಟೆಕ್ ಫೈಲಿನಲ್ಲೇ ಒಂದು ಸಾಲು ಸಾಕಾಯಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೀವರ್ಡ್. ಪ್ರತಿ ಪುಸ್ತಕಕ್ಕೂ ಭಾಷೆಯ ಹೆಸರು ಅಂಟಿಸಿ, ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು ಅಂತ ಎರಡು ಪಟ್ಟಿ ತೆಗೆದೆ. ಬರೀ ಬಿಬ್‌ಟೆಕ್‌ನಲ್ಲಿ ಇದು ಆಗೋದಿಲ್ಲ, ಮಲ್ಟಿಬಿಬ್‌ನಂಥ ಬೇರೆ ಪ್ಯಾಕೇಜ್ ಹುಡುಕಬೇಕು.

ಬೈಬರ್‌ಗೂ ಕಾಟ ಇದೆ. ನಿಧಾನ. ಜೊತೆಗೆ ವರ್ಷನ್ ಜಾತಕ ಕೂಡಬೇಕು: ಬಿಬ್‌ಲೇಟೆಕ್ 3.19 ಇದ್ದರೆ ಬೈಬರ್ 2.19. ಪ್ರಬಂಧ ಸಲ್ಲಿಸೋ ಹಿಂದಿನ ದಿನ ಸುಮ್ನೆ ಒಂದನ್ನು ಅಪ್‌ಡೇಟ್ ಮಾಡಿದೆ. ಪಟ್ಟಿ ಪೂರ್ತಿ ಮಾಯ!

ಒಂದು ವಿಷಯದಲ್ಲಿ ಇಬ್ಬರೂ ಒಂದೇ. 'ಮಂಜುನಾಥ ಕೆ.' ಅಂತ ಬರೆದರೆ 'ಕೆ.' ಅನ್ನೋದೇ ಮನೆತನದ ಹೆಸರು ಅಂದುಕೊಂಡು ಕ ಗುಂಪಿಗೆ ಸೇರಿಸುತ್ತವೆ. ಹೆಸರಿಗೆ ಪೂರ್ತಿ ಇನ್ನೊಂದು ಜೊತೆ ಪುಷ್ಪಾವರಣ ಹಾಕಿ ಪಾರಾದೆ.

ತಂಗಿಯ ಪ್ರಬಂಧ ಬೈಬರ್‌ನಲ್ಲೇ ಅಚ್ಚಾಯಿತು. ಅವಳೇ ಆಮೇಲೆ ಒಂದು ಜರ್ನಲ್‌ಗೆ ಇಂಗ್ಲಿಷ್ ಲೇಖನ ಕಳಿಸಿದಳು, ಅವರ ಟೆಂಪ್ಲೇಟ್ ಬರೀ ಬಿಬ್‌ಟೆಕ್! ಹಾಗಾಗಿ ಈಗ ಬಿಬ್ ಫೈಲಿನಲ್ಲಿ 'ಡೇಟ್' ಅಂತ ಬರೆಯದೆ ಹಳೆಯ 'ಇಯರ್' ಅಂತಲೇ ಬರೆಯುತ್ತೇನೆ. ಬೈಬರ್ ಎರಡನ್ನೂ ಓದುತ್ತದೆ, ಬಿಬ್‌ಟೆಕ್‌ನ ಹಳೆಯ ಶೈಲಿಗಳಿಗೆ 'ಇಯರ್' ಮಾತ್ರ ಗೊತ್ತು.