ಅಪ್ಪ ಅಮ್ಮನ ಸಿಟಿಜನ್‌ಶಿಪ್ ಫಾರಂ ತುಂಬಿಸಿಕೊಡ್ತೀವಿ ಅನ್ನುವ ಏಜೆಂಟರ ಬಗ್ಗೆ ಹುಷಾರು

ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿ ಅಮೆರಿಕದಲ್ಲಿ ಜೊತೆಗೆ ಇಟ್ಟುಕೊಂಡಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಅದರಲ್ಲೂ ಡಲ್ಲಾಸ್ ಸುತ್ತಮುತ್ತ ಇರುವವರು. "ಫಾರಂ ನಾವು ತುಂಬ್ತೀವಿ, ನೀವು ಸೈನ್ ಹಾಕಿದ್ರೆ ಸಾಕು, ವಯಸ್ಸಾದವರಿಗೆ ಟೆಸ್ಟೇ ಇರಲ್ಲ" ಅಂತ ಯಾರಾದರೂ ಹೇಳಿದರೆ ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ. ನಮ್ಮ ಅಮ್ಮನ ಅರ್ಜಿ ಅಂಥವರ ಕೈಯಲ್ಲೇ ಹಾಳಾಯಿತು. ದುಡ್ಡು ಹೋಯಿತು, ಒಂದು ವರ್ಷಕ್ಕಿಂತ ಜಾಸ್ತಿ ಹೋಯಿತು, ಈಗ ಮತ್ತೆ ಮೊದಲಿನಿಂದ ಕಾಯುತ್ತಿದ್ದೇವೆ. ಆತನ ಹೆಸರು ಹಾಕುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ, ಹೆಸರು ಕೇಳಿ ಮೆಸೇಜ್ ಮಾಡಬೇಡಿ.

ಅಮ್ಮ ದಾವಣಗೆರೆಯವರು. ಅಪ್ಪ ಹೋದ ಮೇಲೆ ಒಬ್ಬರೇ ಇರುವುದು ಬೇಡ ಅಂತ ನಾನು ಕರೆಸಿಕೊಂಡೆ. 2018ರಲ್ಲಿ ಗ್ರೀನ್ ಕಾರ್ಡ್ ಬಂತು. ಅವರಿಗೆ ಸಿಟಿಜನ್‌ಶಿಪ್ ಯಾಕೆ ಬೇಕಿತ್ತು ಅಂದರೆ ನಗಬೇಡಿ, ಊರಲ್ಲಿ ಜಾಸ್ತಿ ದಿನ ಇರೋದಕ್ಕೆ. ಗ್ರೀನ್ ಕಾರ್ಡ್ ಇದ್ದವರು ಊರಿಗೆ ಹೋಗಿ ಕೂತುಬಿಟ್ಟರೆ ಕಾರ್ಡಿಗೇ ಸಂಚಕಾರ. ಆರು ತಿಂಗಳು ಆಗುತ್ತಿದ್ದಂತೆ ಹಬ್ಬ, ಮದುವೆ ಎಲ್ಲ ಬಿಟ್ಟು ಓಡಿ ಬರಬೇಕು. ಸಿಟಿಜನ್ ಆಗಿ ಒಸಿಐ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಮಾಡಿಸಿಕೊಂಡರೆ ಆ ಕಾಟ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಜೆ ವಾಕಿಂಗ್ ಬರುವ ಅಜ್ಜ ಅಜ್ಜಿಯರಲ್ಲಿ ಅರ್ಧ ಜನರ ಲೆಕ್ಕಾಚಾರ ಇದೇ.

ಏಜೆಂಟ್ ಸಿಕ್ಕಿದ್ದು ಪರಿಚಯದವರ ಮೂಲಕ. ಇಂಡಿಯನ್ ಅಂಗಡಿಗಳ ಸಾಲಿನಲ್ಲಿ ಒಂದು ರೂಮು, ಟ್ಯಾಕ್ಸ್, ನೋಟರಿ, ಇಮಿಗ್ರೇಷನ್ ಎಲ್ಲ ಒಂದೇ ಬೋರ್ಡಿನ ಮೇಲೆ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ. ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಅಮ್ಮಾವ್ರೇ, ನೀವು ಏನೂ ಓದೋದು ಬೇಡ. ಐವತ್ತೈದು ದಾಟಿದವರಿಗೆ ಎಲ್ಲಾ ಕನ್ನಡದಲ್ಲೇ" ಅಂದ. ಅಮ್ಮ ಅವತ್ತೇ ಅವನನ್ನು ಮನೆಗೆ ಊಟಕ್ಕೆ ಕರೆದುಬಿಟ್ಟರು.

ಅವನು ಹೇಳಿದ್ದರಲ್ಲಿ ಅರ್ಧ ನಿಜ, ಅದೇ ಅಪಾಯ. 55 ದಾಟಿದ್ದು ಗ್ರೀನ್ ಕಾರ್ಡ್ ಸಿಕ್ಕಿ 15 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ, ದುಭಾಷಿ ಇಟ್ಟುಕೊಂಡು ಸಿವಿಕ್ಸ್, ಅಂದರೆ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಕೊಡಬಹುದು. 50 ದಾಟಿದವರಿಗೆ 20 ವರ್ಷ ಆಗಿರಬೇಕು. 65 ದಾಟಿ 20 ವರ್ಷ ಆಗಿದ್ದರೆ ಪ್ರಶ್ನೆಗಳ ಪಟ್ಟಿಯೂ ಚಿಕ್ಕದು. ಬರೀ ವಯಸ್ಸು ಸಾಲದು, ಎರಡೂ ಬೇಕು. ಅಮ್ಮನಿಗೆ ಆಗಿದ್ದು ಆರು ವರ್ಷ. ನಮ್ಮನೆಯವರು ಇದನ್ನು ಕೇಳಿದಾಗ ಅವನು ಸ್ವಲ್ಪವೂ ತಡವರಿಸಲಿಲ್ಲ. "ಅದಕ್ಕೇ ಸಾರ್ ಮೆಡಿಕಲ್ ಹಾಕೋದು" ಅಂದ.

ಮೆಡಿಕಲ್ ಅಂದರೆ ಎನ್-648. ಕಾಯಿಲೆಯಿಂದ ಇಂಗ್ಲಿಷ್ ಕಲಿಯೋದಕ್ಕೆ, ಸಿವಿಕ್ಸ್ ಓದೋದಕ್ಕೆ ನಿಜವಾಗಿ ಆಗದೇ ಇರುವವರಿಗೆ ಇರುವ ವಿನಾಯಿತಿ. ಪಾರ್ಶ್ವವಾಯು ಆದವರು, ಮರೆವಿನ ರೋಗ ಇರುವವರು, ಇಂಥವರಿಗೆ ದೊಡ್ಡ ಉಪಕಾರ. ಇಲ್ಲಿ ಲೈಸೆನ್ಸ್ ಇರುವ ಡಾಕ್ಟರ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬರೆಯಬೇಕು, ಏನು ತೊಂದರೆ, ಅದು ಕಲಿಯೋದಕ್ಕೆ ಹೇಗೆ ಅಡ್ಡ ಅನ್ನುವುದನ್ನು ಬಿಡಿಸಿ ಹೇಳಬೇಕು. ವಯಸ್ಸಾಯಿತು, ಶಾಲೆ ಕಲಿತಿಲ್ಲ ಅಂದರೆ ನಡೆಯುವುದಿಲ್ಲ. ಅಮ್ಮನಿಗೆ ಇರುವುದು ಶುಗರ್ ಮತ್ತು ಮಂಡಿ ನೋವು. ಶುಗರ್ ಬಗ್ಗೆ ಬರೆಸುತ್ತೇನೆ, ಅದೇ ಸಾಕು ಅಂತ ಹೇಳಿ ತನಗೆ ಗೊತ್ತಿರುವ ಕ್ಲಿನಿಕ್ಕಿಗೆ ಕಳಿಸಿದ. ಒಳಗೆ ಹೋಗಿದ್ದು, ಬಿಪಿ ನೋಡಿದ್ದು, ಸಹಿ ಮಾಡಿಸಿಕೊಂಡಿದ್ದು, ಅಷ್ಟೇ. ಭರ್ತಿ ಮಾಡಿದ ಫಾರಂ ನಮ್ಮ ಕೈಗೆ ಕೊಡಲಿಲ್ಲ. ಕೇಳಿದರೆ "ಅದು ಸೀಲ್ಡ್ ಕವರ್, ತೆರೆಯೋ ಹಾಗಿಲ್ಲ" ಅಂದ. ಸುಳ್ಳು. ಎನ್-648 ನಿಮ್ಮ ಅರ್ಜಿಯ ಜೊತೆ ಹೋಗುವ ಕಾಗದ, ಅದರಲ್ಲಿ ಅರ್ಜಿದಾರರ ಸಹಿಯೂ ಇರುತ್ತದೆ. ಓದಿ ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಕಡೆ ಕೈ ಇಟ್ಟಿದ್ದು ಪ್ರಯಾಣದ ಪಟ್ಟಿಗೆ. ಇದು ಮೆಡಿಕಲ್‌ಗಿಂತ ದೊಡ್ಡ ಪೆಟ್ಟು ಕೊಟ್ಟಿತು. 2020ರ ಜನವರಿಯಲ್ಲಿ ಅಮ್ಮ ನಮ್ಮ ಮಾವನ ಮಗನ ಮದುವೆಗೆ ಊರಿಗೆ ಹೋಗಿದ್ದರು. ಮಾರ್ಚ್ 23ಕ್ಕೆ ಭಾರತ ಅಂತರರಾಷ್ಟ್ರೀಯ ವಿಮಾನ ನಿಲ್ಲಿಸಿತು, ಆಮೇಲೆ ಲಾಕ್‌ಡೌನ್. ಸೆಪ್ಟೆಂಬರ್ ತನಕ ದಾವಣಗೆರೆಯಲ್ಲೇ. ಎನ್-400, ಅಂದರೆ ಸಿಟಿಜನ್‌ಶಿಪ್ ಅರ್ಜಿ ಫಾರಂ, ಹಾಕುವಾಗ ಹಿಂದಿನ 5 ವರ್ಷದ ಲೆಕ್ಕ ನೋಡುತ್ತಾರೆ. ಅದರಲ್ಲಿ 30 ತಿಂಗಳು ಅಮೆರಿಕದಲ್ಲಿ ಇದ್ದಿರಬೇಕು, ಜೊತೆಗೆ ಒಂದೇ ಪ್ರಯಾಣ ಆರು ತಿಂಗಳು ಮೀರಿದರೆ ವಾಸ ಕಡಿದುಹೋಗಿದೆ ಅಂತಲೇ ಹಿಡಿಯುತ್ತಾರೆ. ಇಲ್ಲ, ನನ್ನ ಮನೆ ಇಲ್ಲೇ ಇತ್ತು ಅಂತ ಕಾಗದ ತೋರಿಸುವ ಜವಾಬ್ದಾರಿ ನಮ್ಮದು. ಒಂದು ವರ್ಷ ಮೀರಿದರೆ ಅದಕ್ಕೂ ದಾರಿ ಹೆಚ್ಚು ಕಡಿಮೆ ಮುಚ್ಚಿದ ಹಾಗೆ. ನಾವು ಪಾಸ್‌ಪೋರ್ಟಿನ ಎಲ್ಲ ಪುಟಗಳ ಕಾಪಿ, ರದ್ದಾದ ಟಿಕೆಟ್ಟು, ಎಲ್ಲ ಅವನ ಮುಂದೆ ಇಟ್ಟಿದ್ದೆವು. ಅವನು ಸೆಪ್ಟೆಂಬರ್ ಇದ್ದದ್ದನ್ನು ಜೂನ್ ಮಾಡಿ ಹಾಕಿದ. ನಮಗೆ ಹೇಳಲಿಲ್ಲ. ಸಹಿಗೆ ಕೊಟ್ಟಿದ್ದು ಕೊನೆಯ ಹಾಳೆಗಳು ಮಾತ್ರ, "ಉಳಿದಿದ್ದು ಪ್ರಿಂಟ್ ಆಗ್ತಿದೆ" ಅಂತ.

2024ರ ಕೊನೆಗೆ ಅರ್ಜಿ ಹೋಯಿತು. ಸರ್ಕಾರದ ಫೀಸು ಪೇಪರ್ ಅರ್ಜಿಗೆ 760 ಡಾಲರ್, ಆನ್‌ಲೈನ್ ಆದರೆ 710. ಅವನ ಫೀಸು ಮತ್ತು ಡಾಕ್ಟರ್ ಫೀಸು ಸೇರಿದರೆ ಅದರ ಎರಡರಷ್ಟು. ಬೆರಳ ಗುರುತು ಕೊಡೋದಕ್ಕೆ ಬನ್ನಿ ಅನ್ನುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಫೋಟೋ ತೆಗೆದು ಕಳಿಸಿದ. ಪತ್ರ ಅವನಿಗೆ ಯಾಕೆ ಬರುತ್ತಿದೆ ಅಂತ ಕೇಳಿದ್ದಕ್ಕೆ, ನೀವು ಮನೆ ಬದಲಾಯಿಸಿದರೆ ತೊಂದರೆ ಆಗಬಾರದು ಅಂತ ಆಫೀಸಿನ ಅಡ್ರೆಸ್ ಕೊಟ್ಟಿದ್ದೇನೆ ಅಂದ. ನಾವು ಅದೇ ಮನೆಯಲ್ಲಿ ಎಷ್ಟೋ ವರ್ಷದಿಂದ ಇದ್ದೇವೆ!

ಇಂಟರ್ವ್ಯೂ ದಿನ ನಾನು ಹೊರಗೆ ಕೂತಿದ್ದೆ. ಒಳಗೆ ನಡೆದದ್ದು ಅಮ್ಮ ಮತ್ತು ದುಭಾಷಿಯಾಗಿ ಬಂದ ಪರಿಚಯದವರು ಹೇಳಿದ್ದು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದ ಮೇಲೆ ಆಫೀಸರಮ್ಮ ಮೊದಲು ಕೇಳಿದ್ದು, ನಿಮಗೆ ಮರೆವು ಶುರುವಾಗಿ ಎಷ್ಟು ದಿನ ಆಯಿತು ಅಂತ. ಅಮ್ಮ "ಮರೆವಾ? ನನಗಾ?" ಅಂದರಂತೆ. ಫಾರಂನಲ್ಲಿ ಶುಗರ್ ಅಲ್ಲ, ಮರೆವಿನ ಕಾಯಿಲೆ ಅಂತ ಬರೆದಿತ್ತು, ಮಕ್ಕಳ ಹೆಸರೂ ನೆನಪಿರುವುದಿಲ್ಲ ಅನ್ನುವ ಮಟ್ಟಕ್ಕೆ. ಅಮ್ಮನಿಗೆ ಸಿಟ್ಟು ಬಂದು ನನ್ನದು, ತಂಗಿದು, ಮೊಮ್ಮಕ್ಕಳದು ಹುಟ್ಟಿದ ತಾರೀಖು, ನಕ್ಷತ್ರ ಸಮೇತ ಹೇಳಿಬಿಟ್ಟರು. ದುಭಾಷಿಗೆ ರೇವತಿ ನಕ್ಷತ್ರವನ್ನು ಇಂಗ್ಲಿಷಿಗೆ ಹೇಗೆ ತರಬೇಕೋ ತಿಳಿಯದೆ ಹಾಗೇ ಹೇಳಿದರಂತೆ. ಊರಿಂದ ವಾಪಸು ಬಂದದ್ದು ಯಾವಾಗ ಅಂತ ಕೇಳಿದಾಗ, ಗಣೇಶನ ಹಬ್ಬ ಮುಗಿಸಿ ಸೆಪ್ಟೆಂಬರ್‌ನಲ್ಲಿ ವಂದೇ ಭಾರತ್ ವಿಮಾನದಲ್ಲಿ ಬಂದೆ ಅಂತ ಸರಿಯಾಗಿಯೇ ಹೇಳಿದ್ದಾರೆ. ಅರ್ಜಿಯಲ್ಲಿ ಜೂನ್. ಪಾಸ್‌ಪೋರ್ಟ್ ಸ್ಟಾಂಪಿನಲ್ಲಿ ಸೆಪ್ಟೆಂಬರ್. ಆಫೀಸರಮ್ಮ ಅಲ್ಲೇ ತಿದ್ದಿಸಿ ಸಹಿ ಹಾಕಿಸಿಕೊಂಡರು. ಜಗಳ ಆಡಲಿಲ್ಲ, ಹೆದರಿಸಲಿಲ್ಲ, ಅವರ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಮೆಡಿಕಲ್ ಒಪ್ಪಲಿಲ್ಲ ಅಂದಮೇಲೆ ದುಭಾಷಿ ಹೊರಗೆ, ಇಂಗ್ಲಿಷ್ ಟೆಸ್ಟ್ ಶುರು. ಏನೂ ಓದಬೇಡಿ ಅಂತ ಹೇಳಿಸಿಕೊಂಡು ಹೋದವರು ಏನು ಮಾಡಿಯಾರು? ಫೇಲ್. ಇನ್ನೊಂದು ಅವಕಾಶ 60ರಿಂದ 90 ದಿನದ ಒಳಗೆ ಕೊಡುತ್ತಾರೆ, ಆ ಕಾಗದ ಹಿಡಿದುಕೊಂಡು ಬಂದರು. ಏಜೆಂಟಿಗೆ ಫೋನ್ ಮಾಡಿದರೆ "ನಿಮ್ಮ ತಾಯಿ ಅಷ್ಟೆಲ್ಲ ಯಾಕೆ ಮಾತಾಡೋಕೆ ಹೋದ್ರು" ಅಂತ ನಮಗೇ ಬೈದ. ಅದೇ ಕೊನೆ, ಆಮೇಲೆ ಫೋನ್ ಎತ್ತಲಿಲ್ಲ.

ಅಮ್ಮ ಮಾತ್ರ ಹಟಕ್ಕೆ ಬಿದ್ದರು. ಮೊಮ್ಮಗಳ ಹಳೇ ರೂಲ್ಡ್ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಇಂಗ್ಲಿಷ್, ಕೆಳಗಿನ ಗೆರೆಯಲ್ಲಿ ಅದೇ ಕನ್ನಡ ಅಕ್ಷರದಲ್ಲಿ: "ಹೂ ವಾಸ್ ದ ಫಸ್ಟ್ ಪ್ರೆಸಿಡೆಂಟ್". ಮೂರನೇ ಗೆರೆಯಲ್ಲಿ ಅರ್ಥ. ಒಗ್ಗರಣೆ ಹಾಕುತ್ತಾ ಹದಿಮೂರು ವಸಾಹತುಗಳ ಪಾಠ. ಓದುವುದಕ್ಕೆ ಮೂರು ವಾಕ್ಯ ಕೊಡುತ್ತಾರೆ, ಒಂದು ಸರಿ ಓದಿದರೆ ಸಾಕು. ಬರೆಯುವುದೂ ಹಾಗೇ. ಸಿವಿಕ್ಸ್ ಆಗ 100 ಪ್ರಶ್ನೆಗಳ ಪಟ್ಟಿ, 10 ಕೇಳಿ 6 ಸರಿ ಬಂದರೆ ಪಾಸ್. ಎರಡನೇ ಸಲ ಅಮ್ಮ ಎಲ್ಲದರಲ್ಲೂ ಪಾಸ್. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನವೂ ಇಷ್ಟು ಖುಷಿ ಆಗಿರಲಿಲ್ಲ ಅಂದರು.

ಆದರೆ ಆಫೀಸರಮ್ಮ, ಆ ಲಾಕ್‌ಡೌನ್ ಪ್ರಯಾಣದ ಬಗ್ಗೆ ಕಾಗದ ಕೇಳಿ ಪತ್ರ ಕಳಿಸಿದ್ದೆವಲ್ಲ, ಉತ್ತರವೇ ಬಂದಿಲ್ಲ ಅಂದರಂತೆ. ಪತ್ರ ಹೋಗಿದ್ದು ಏಜೆಂಟ್ ಅಡ್ರೆಸ್ಸಿಗೆ. ಅವನು ಅದನ್ನು ಕಸಕ್ಕೆ ಹಾಕಿದನೋ, ತೆರೆದೂ ನೋಡಲಿಲ್ಲವೋ. ಗಡುವು ಮುಗಿದಿತ್ತು. ನಾವು ಅಡ್ರೆಸ್ ಬದಲಾಯಿಸಿ, ಕಾಗದಗಳನ್ನು ಹೊಂದಿಸಿ ಕಳಿಸುವಷ್ಟರಲ್ಲಿ ಅರ್ಜಿ ತಿರಸ್ಕಾರ ಅಂತ ಬಂದೇಬಿಟ್ಟಿತು. ಅದರಲ್ಲಿ ಜೂನ್ ಸೆಪ್ಟೆಂಬರ್ ವ್ಯತ್ಯಾಸವನ್ನೂ ಬರೆದಿದ್ದರು. ಫಾರಂ ತುಂಬಿದವರು ತಮ್ಮ ಹೆಸರು, ಸಹಿ ಹಾಕಲೇಬೇಕಾದ ಒಂದು ಭಾಗ ಎನ್-400ನಲ್ಲಿದೆ. ಅದನ್ನು ಅವನು ಖಾಲಿ ಬಿಟ್ಟಿದ್ದ. ಅಂದರೆ ಕಡತದ ಪ್ರಕಾರ ಆ ಸುಳ್ಳು ತಾರೀಖು ಅಮ್ಮನೇ ಕೂತು ಬರೆದದ್ದು.

ಆಗ ನಿಜವಾದ ಇಮಿಗ್ರೇಷನ್ ವಕೀಲರ ಹತ್ತಿರ ಹೋದೆವು. ತಿರಸ್ಕಾರದ ಮೇಲೆ 30 ದಿನದ ಒಳಗೆ ಎನ್-336 ಹಾಕಿ ಮರುವಿಚಾರಣೆ ಕೇಳಬಹುದು, ಅದಕ್ಕೆ ಮತ್ತೆ 830 ಡಾಲರ್. ಅವರು ಕಡತ ನೋಡಿ, ಅದು ಬೇಡ, ಹೊಸ ಅರ್ಜಿಯೇ ಹಾಕೋಣ ಅಂದರು, ಯಾಕೆಂದರೆ ಅಷ್ಟರಲ್ಲಿ 2020ರ ಆ ಪ್ರಯಾಣ 5 ವರ್ಷದ ಲೆಕ್ಕದಿಂದ ಹೊರಗೆ ಬಿದ್ದಿತ್ತು. ಇದನ್ನು ಕೇಳಿದಾಗ ನನ್ನ ಹೊಟ್ಟೆ ಉರಿದಿದ್ದು ಅಷ್ಟಿಷ್ಟಲ್ಲ. ಅವನು ಮೊದಲೇ "ಇನ್ನೊಂದು ವರ್ಷ ಸುಮ್ನೆ ಕಾಯಿರಿ" ಅಂದಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಅವಸರ ನಮಗೆ ಇರಲೇ ಇಲ್ಲ, ಅವನ ಫೀಸಿಗೆ ಇತ್ತು.

ಹೊಸ ಅರ್ಜಿಯಲ್ಲಿ ಇನ್ನೊಂದು ಏಟು. 2025ರ ಅಕ್ಟೋಬರ್ 20 ಅಥವಾ ಅದರ ನಂತರ ಹಾಕಿದ ಅರ್ಜಿಗಳಿಗೆ ಹೊಸ ಸಿವಿಕ್ಸ್ ಟೆಸ್ಟ್. ಪಟ್ಟಿಯಲ್ಲಿ 128 ಪ್ರಶ್ನೆ, 20ರ ತನಕ ಕೇಳುತ್ತಾರೆ, 12 ಸರಿ ಬರಬೇಕು, 9 ತಪ್ಪಾದರೆ ಅಲ್ಲಿಗೇ ಮುಗಿಯಿತು. ಅಮ್ಮ ಪಾಸಾಗಿದ್ದು ಹಳೇ ಟೆಸ್ಟಿನಲ್ಲಿ, ಆ ಅರ್ಜಿ ಜೊತೆ ಅದೂ ಹೋಯಿತು. ಜೂನ್ ತಾರೀಖು ಹೇಗೆ ಬಂತು ಅನ್ನುವುದಕ್ಕೆ ವಕೀಲರು ಒಂದು ವಿವರಣೆ ಲಗತ್ತಿಸಿದ್ದಾರೆ. ಈಗ ಇಂಟರ್ವ್ಯೂ ಪತ್ರಕ್ಕೆ ಕಾಯುತ್ತಿದ್ದೇವೆ. ಈ ಸಲ ಪತ್ರ ನಮ್ಮ ಮನೆ ಡಬ್ಬಿಗೇ ಬರುತ್ತದೆ, ಆನ್‌ಲೈನ್ ಅಕೌಂಟೂ ಅಮ್ಮನ ಹೆಸರಲ್ಲೇ ಇದೆ. ದಯವಿಟ್ಟು ನೀವೂ ಹೀಗೇ ಮಾಡಿ. ಯಾರ ಕೈಲಿ ಫಾರಂ ತುಂಬಿಸಿದರೂ ಮೇಲಿಂಗ್ ಅಡ್ರೆಸ್, ಇಮೇಲ್, ಫೋನ್ ಮೂರೂ ನಿಮ್ಮದೇ ಇರಲಿ. ಪ್ರಯಾಣದ ತಾರೀಖುಗಳನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ನೀವೇ ಒಂದೊಂದಾಗಿ ನೋಡಿ. ಪೂರ್ತಿ ಅರ್ಜಿಯ ಕಾಪಿ ಕೈಗೆ ಬರುವ ತನಕ ಸಹಿಯೂ ಇಲ್ಲ, ದುಡ್ಡೂ ಇಲ್ಲ. ಅಪ್ಪ ಅಮ್ಮನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಯಾಕೆಂದರೆ "ಮಗಾ ನೋಡ್ಕೋತಾನೆ" ಅಂತ ಅವರು ಎಲ್ಲಿ ಅಂದರೆ ಅಲ್ಲಿ ಸಹಿ ಹಾಕುತ್ತಾರೆ, ಪ್ರಮಾಣ ಮಾಡಿ ಒಳಗೆ ಕೂರುವವರು ಮಾತ್ರ ಅವರೇ.

ಇಮಿಗ್ರೇಷನ್ ವಿಷಯದಲ್ಲಿ ಕಾನೂನು ಸಲಹೆ ಕೊಡುವ ಹಕ್ಕು ಇರುವುದು ವಕೀಲರಿಗೆ ಮತ್ತು ಅಮೆರಿಕದ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟ ಪ್ರತಿನಿಧಿಗಳಿಗೆ ಮಾತ್ರ. ಇಲ್ಲಿ ನೋಟರಿ ಅಂದರೆ ಸಹಿಗೆ ಸಾಕ್ಷಿ ಹಾಕುವವರು, ಅಷ್ಟೇ. ವಕೀಲರು ಹೌದೋ ಅಲ್ಲವೋ ಅಂತ ರಾಜ್ಯದ ಬಾರ್ (ವಕೀಲರ ಸಂಘ) ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಗೊತ್ತಾಗುತ್ತದೆ. ಸರಳ ಕೇಸಾದರೆ ಏಜೆಂಟ್ ಬೇಕಾಗೇ ಇಲ್ಲ. ಫಾರಂ ಯುಎಸ್‌ಸಿಐಎಸ್ (ಈ ಅರ್ಜಿಗಳನ್ನು ನೋಡುವ ಅಮೆರಿಕದ ಇಮಿಗ್ರೇಷನ್ ಇಲಾಖೆ) ಸೈಟಿನಲ್ಲಿ ಬಿಟ್ಟಿ ಸಿಗುತ್ತದೆ, ಪ್ರಶ್ನೆಗಳ ಪಟ್ಟಿ, ಓದುವ ಬರೆಯುವ ಪದಗಳ ಪಟ್ಟಿ ಎಲ್ಲ ಅಲ್ಲೇ ಇದೆ.

ಹಾಂ, ಇನ್ನೊಂದು ಮರೆತಿದ್ದೆ. ಇದೇ ಮನುಷ್ಯ ಅಮ್ಮನಿಗೆ, ಸಿಟಿಜನ್ ಆದರೆ ಊರಿನ ತೋಟ ಸರ್ಕಾರದ ಪಾಲು, ಈಗಲೇ ಮಾರಿಬಿಡಿ, ನನಗೆ ಗೊತ್ತಿರುವ ಪಾರ್ಟಿ ಇದೆ ಅಂತಲೂ ಹೇಳಿದ್ದ. ಒಸಿಐ ಇರುವವರು ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ, ನಿಜ. ಭಾರತದಲ್ಲಿ ವಾಸವಿದ್ದಾಗಲೇ ಬಂದ ಜಮೀನನ್ನು ಇಟ್ಟುಕೊಳ್ಳುವುದಕ್ಕೆ ಅಡ್ಡಿ ಇಲ್ಲ. ಪ್ರಮಾಣ ವಚನ ಆದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಅದರಲ್ಲಿ ಪ್ರಯಾಣ ಮಾಡಬಾರದು. ಬೇರೆ ದೇಶದ ಪೌರತ್ವ ತೆಗೆದುಕೊಂಡ ಕ್ಷಣ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಅದು ಬೇರೆ ವಿಷಯ, ಜಮೀನಿಗೂ ಅದಕ್ಕೂ ಗಂಟು ಹಾಕಿ ಹೆದರಿಸಿದರೆ ನಂಬಬೇಡಿ.

ಅವನ ಹತ್ತಿರ ಈಗ ಫೈಲ್ ಕೊಟ್ಟು ಕಾಯುತ್ತಿರುವವರು ನಮಗೆ ಗೊತ್ತಿರುವಂತೆಯೇ ಕೆಲವರಿದ್ದಾರೆ. ರಸೀದಿ ನಂಬರ್ ಹಾಕಿ ಕೇಸ್ ಸ್ಟೇಟಸ್ ನೋಡಿ, ಅಡ್ರೆಸ್ ಇವತ್ತೇ ನಿಮ್ಮ ಮನೆಗೆ ಬದಲಾಯಿಸಿ, ಎನ್-648 ಹಾಕಿದ್ದಾರಾ, ಹಾಕಿದ್ದರೆ ಅದರಲ್ಲಿ ಏನು ಬರೆದಿದ್ದಾರೆ ಅಂತ ಇಂಟರ್ವ್ಯೂಗೆ ಮೊದಲೇ ಕಾಪಿ ಕೇಳಿ ಓದಿ. ಕೊಡುವುದಿಲ್ಲ ಅಂದರೆ ವಕೀಲರನ್ನು ನೋಡಿ, ಟೆಕ್ಸಾಸ್ ಅಟಾರ್ನಿ ಜನರಲ್ ಕಚೇರಿಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ವಾಟ್ಸಾಪ್ ಮೆಸೇಜು, ದುಡ್ಡು ಕಳಿಸಿದ ಸ್ಕ್ರೀನ್‌ಶಾಟು ಯಾವುದನ್ನೂ ಡಿಲೀಟ್ ಮಾಡಬೇಡಿ, ನಮ್ಮ ದೂರಿನ ಜೊತೆ ಹೋಗಿರುವುದು ಅವೇ.