ಮೊದಲೇ ವಾಲಿರುವ ಅಕ್ಷರಕ್ಕೆ ಮತ್ತೆ ‘ಐ’ ಒತ್ತಬೇಡಿ

ಓಟದ ತಂಡವೊಂದರ ಬೋರ್ಡಿಗೂ ಜರ್ಸಿಗೂ ದಪ್ಪನೆಯ, ಬಲಕ್ಕೆ ವಾಲಿದ ಸ್ಯಾನ್ಸ್ ಸೆರಿಫ್ ಡಿಸ್‌ಪ್ಲೇ ಫಾಂಟ್ (ದೊಡ್ಡ ಶೀರ್ಷಿಕೆಗೆಂದೇ ಮಾಡಿದ ಅಕ್ಷರಶೈಲಿ) ಆರಿಸಲಾಗಿತ್ತು. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತ್ತು. ವಿನೈಲ್ ಹಾಳೆಯಲ್ಲಿ ಯಂತ್ರದಿಂದ ಅಕ್ಷರಗಳನ್ನು ಕತ್ತರಿಸಿ ಮುಗಿದಾಗ 8ರ ಎರಡು ಕಿಂಡಿಗಳೂ ಮುಚ್ಚಿಹೋಗಿದ್ದವು, ಅಕ್ಷರಗಳ ಮೈಮೇಲೆ ಬ್ಲೇಡಿನ ಗೆರೆಗಳಿದ್ದವು, ಕೊನೆಯ ಅಕ್ಷರದ ಮೇಲ್ತುದಿ ಬೋರ್ಡಿನ ಅಂಚು ದಾಟಿತ್ತು. ವಿನೈಲ್ ಪೂರ್ತಿ ದಂಡ. ಈ ಬಗೆಯ ಫಾಂಟ್ ಬಳಸುವ ಯಾರಿಗೂ ಇದು ಆಗಬಹುದು, ತಡೆಯುವುದೂ ಕಷ್ಟವಲ್ಲ.

ಡಿಸ್‌ಪ್ಲೇ ಫಾಂಟ್‌ಗಳು ಅನೇಕ ಸಲ ಒಂದೇ ಫೈಲಿನಲ್ಲಿ ಬರುತ್ತವೆ. ಅಕ್ಷರ ದಪ್ಪಗಿದ್ದು ವಾಲಿದ್ದರೂ ಫೈಲಿನ ಒಳಗೆ ಅದರ ಹೆಸರು ‘ರೆಗ್ಯುಲರ್’, ತೂಕ (ಅಕ್ಷರದ ದಪ್ಪದ ಅಳತೆ) 400, ಅಂದರೆ ಸಾಮಾನ್ಯ ದಪ್ಪ, ಎಂದಿರುತ್ತದೆ. ಗೂಗಲ್ ಫಾಂಟ್ಸ್‌ನ ರೇಸಿಂಗ್ ಸ್ಯಾನ್ಸ್ ಒನ್ ಇದಕ್ಕೆ ಉದಾಹರಣೆ. ಸಾಫ್ಟ್‌ವೇರ್ ಆಕಾರ ನೋಡುವುದಿಲ್ಲ, ಈ ಹೆಸರನ್ನಷ್ಟೇ ನಂಬುತ್ತದೆ. ನೀವು ದಪ್ಪ ಮಾಡುವ ‘ಬಿ’ (ಬೋಲ್ಡ್) ಗುಂಡಿ ಒತ್ತಿದರೆ, ಬೋಲ್ಡ್ ಫೈಲ್ ಸಿಗದ ಕಾರಣ ಇದ್ದ ಅಕ್ಷರವನ್ನೇ ಊದಿಸುತ್ತದೆ, ಆಗ ಇಂಗ್ಲಿಷಿನ ಎ, ಇ ಮತ್ತು 6, 8, 9ರ ಒಳಜಾಗ ಮೊದಲು ಮುಚ್ಚುತ್ತದೆ. ಓರೆ ಮಾಡುವ ‘ಐ’ (ಇಟಾಲಿಕ್) ಗುಂಡಿ ಒತ್ತಿದರೆ ಇಡೀ ಅಕ್ಷರವನ್ನು ಇನ್ನಷ್ಟು ಓರೆಗೆ ಎಳೆಯುತ್ತದೆ.

ಲೆಕ್ಕ ಹಾಕಿ ನೋಡಿ. 12 ಡಿಗ್ರಿ ವಾಲಿದ, 300 ಮಿಲಿಮೀಟರ್ ಎತ್ತರದ ಅಕ್ಷರದ ತಲೆ ಅದರ ಬುಡಕ್ಕಿಂತ ಸುಮಾರು 64 ಮಿಲಿಮೀಟರ್ ಬಲಕ್ಕಿರುತ್ತದೆ. ಅದರ ಮೇಲೆ ಇನ್ನೊಂದು 14 ಡಿಗ್ರಿ ಓರೆ ಬಿದ್ದರೆ ಒಟ್ಟು ವಾಲಿಕೆ 25 ಡಿಗ್ರಿ ಹತ್ತಿರ, ತಲೆ ಸರಿಯುವುದು ಸುಮಾರು 139 ಮಿಲಿಮೀಟರ್. ಬೋರ್ಡಿನ ಅಂಚು ದಾಟದೆ ಇನ್ನೇನಾಗುತ್ತದೆ? ಆಕಾರವೂ ಕೆಡುತ್ತದೆ: ಇಂಗ್ಲಿಷಿನ ‘ಓ’ದ ಬಲಮೇಲು ಮತ್ತು ಎಡಕೆಳಗಿನ ಭಾಗ ದಪ್ಪವಾಗಿ, ಎಡಮೇಲು ಮತ್ತು ಬಲಕೆಳಗಿನ ಭಾಗ ತೆಳುವಾಗುತ್ತದೆ. ಒಳ್ಳೆಯ ಇಟಾಲಿಕ್ ಮಾಡುವವರು ಈ ದಪ್ಪ-ತೆಳುವನ್ನು ಒಂದೊಂದು ಅಕ್ಷರದಲ್ಲೂ ಕೈಯಾರೆ ತಿದ್ದಿರುತ್ತಾರೆ. ಗುಂಡಿ ಒತ್ತಿದರೆ ಆ ಕೆಲಸವೆಲ್ಲ ಹಾಳು.

ಫೋಟೋಶಾಪ್‌ನಲ್ಲಿ ಕ್ಯಾರೆಕ್ಟರ್ ಪ್ಯಾನೆಲ್ ತೆರೆದು ಫೋ ಬೋಲ್ಡ್, ಫೋ ಇಟಾಲಿಕ್ (ಹೀಗೆ ಕೃತಕವಾಗಿ ದಪ್ಪ, ಓರೆ ಮಾಡುವ ಆಯ್ಕೆಗಳು) ಎರಡೂ ಆಫ್ ಇವೆಯೇ ನೋಡಿ. ಫೋ ಬೋಲ್ಡ್ ಆನ್ ಇದ್ದರೆ ಆ ಅಕ್ಷರವನ್ನು ಶೇಪ್ (ಗೆರೆಗಳ ಆಕಾರ) ಮಾಡಲು ಫೋಟೋಶಾಪ್ ಒಪ್ಪುವುದೇ ಇಲ್ಲ. ವೆಬ್‌ನಲ್ಲಿ ಗುಂಡಿ ಮುಟ್ಟದಿದ್ದರೂ ಇದು ಆಗುತ್ತದೆ, ಯಾಕೆಂದರೆ ಶೀರ್ಷಿಕೆಯ ಟ್ಯಾಗ್‌ಗಳು ತಾವಾಗಿಯೇ ಬೋಲ್ಡ್ ಕೇಳುತ್ತವೆ, 400 ಎಂದು ಘೋಷಿಸಿದ ಫಾಂಟನ್ನು ಬ್ರೌಸರ್ ಊದಿಸಿಬಿಡುತ್ತದೆ. ವೆಬ್ ಪುಟಕ್ಕೆ ಫಾಂಟನ್ನು ಪರಿಚಯಿಸುವ ಫಾಂಟ್-ಫೇಸ್ ನಿಯಮದಲ್ಲಿ ತೂಕ 700, ಸ್ಟೈಲ್ ಇಟಾಲಿಕ್ ಎಂದು ಬರೆದು, ಶೀರ್ಷಿಕೆಗೂ ಅದನ್ನೇ ಕೊಡಿ. ಜೊತೆಗೆ ಬ್ರೌಸರ್ ತಾನೇ ಊದಿಸದಂತೆ, ಓರೆ ಮಾಡದಂತೆ ತಡೆಯಲು ಫಾಂಟ್-ಸಿಂಥೆಸಿಸ್ ಅನ್ನು ‘ನನ್’ (none) ಮಾಡಿಬಿಡಿ.

ಬ್ಲೇಡಿನ ಗೆರೆಗಳಿಗೆ ಕಾರಣ ಬೇರೆ. ದಪ್ಪ, ಅಗಲಗಳನ್ನು ಒಂದೇ ಫೈಲಿನಲ್ಲಿ ಹೊಂದಿಸಬಹುದಾದ ವೇರಿಯಬಲ್ ಫಾಂಟ್‌ಗಳಲ್ಲಿ ಒಂದೇ ಅಕ್ಷರದ ತುಂಡುಗಳು ಅನೇಕ ಸಲ ಒಂದರ ಮೇಲೊಂದು ಹಾದುಹೋಗಿರುತ್ತವೆ. ಬಣ್ಣ ತುಂಬಿದಾಗ ಅದು ಕಾಣುವುದಿಲ್ಲ, ಆದರೆ ಅಕ್ಷರವನ್ನು ಕರ್ವ್ (ಬರೀ ಗೆರೆಗಳ ಆಕೃತಿ) ಮಾಡಿ ವಿನೈಲ್ ಕತ್ತರಿಸುವ ಪ್ಲಾಟರ್‌ಗೆ ಕಳಿಸಿದರೆ ಬ್ಲೇಡು ಪ್ರತಿ ಗೆರೆಯನ್ನೂ ಕೊಯ್ಯುತ್ತದೆ. ಕರ್ವ್ ಮಾಡಿದ ನಂತರ ಈ ತುಂಡುಗಳನ್ನು ಒಂದಾಗಿಸಲು ಕೋರಲ್‌ನಲ್ಲಿ ವೆಲ್ಡ್, ಇಲಸ್ಟ್ರೇಟರ್‌ನಲ್ಲಾದರೆ ಪಾತ್‌ಫೈಂಡರ್‌ನ ಯುನೈಟ್ ಕೊಡಿ. ಆಮೇಲೆ ಫಿಲ್ ತೆಗೆದು ಬರೀ ಔಟ್‌ಲೈನ್ ಇಟ್ಟು ನೋಡಿ, ಅಕ್ಷರದ ಮೈಯಲ್ಲಿ ಒಂದು ಗೆರೆಯೂ ಅಡ್ಡ ಹಾಯಬಾರದು. ಕರ್ವ್ ಆದಮೇಲೆ ಕಾಗುಣಿತ ತಿದ್ದಲಾಗದು, ಹಾಗಾಗಿ ಟೆಕ್ಸ್ಟ್ ಇರುವ ಫೈಲನ್ನು ಬೇರೆಯಾಗಿ ಉಳಿಸಿಕೊಳ್ಳಿ.

ಕನ್ನಡದ ಸಾಲು ಜೊತೆಗಿದ್ದರೆ ಇನ್ನೂ ಹುಷಾರಾಗಿರಬೇಕು. ಇಂಥ ಇಂಗ್ಲಿಷ್ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳಿರುವುದು ಅಪರೂಪ. ಸಾಫ್ಟ್‌ವೇರ್ ಬೇರೆ ಯಾವುದೋ ಕನ್ನಡ ಫಾಂಟ್ ತಂದು ಅದನ್ನೇ ಓರೆ ಮಾಡುತ್ತದೆ. ಓರೆ ಮಾಡುವಾಗ ಬುಡದ ಗೆರೆಗಿಂತ ಮೇಲಿನದು ಬಲಕ್ಕೂ ಕೆಳಗಿನದು ಎಡಕ್ಕೂ ಸರಿಯುತ್ತದೆ. ‘ಸ್ಪರ್ಧೆ’ ಎಂದು ಬರೆದು ನೋಡಿ: ತಲೆಕಟ್ಟು ಬಲಕ್ಕೆ ಓಡಿದರೆ, ಸಕಾರದ ಕೆಳಗಿನ ಪ-ಒತ್ತು ಎಡಕ್ಕೆ ಜಾರಿ ತನ್ನ ಅಕ್ಷರವನ್ನೇ ಬಿಟ್ಟುಹೋದಂತೆ ಕಾಣುತ್ತದೆ. ಕನ್ನಡವನ್ನು ನೆಟ್ಟಗೇ ಬಿಡುವುದು ಒಳ್ಳೆಯದು. ದಪ್ಪ ಮಾತ್ರ ಹೊಂದಿಸಿ. ಅನೇಕ್ ಕನ್ನಡದಲ್ಲಿ ತೂಕ 800ರವರೆಗೆ ಸಿಗುತ್ತದೆ, ಅಗಲವನ್ನೂ ಬದಲಿಸಬಹುದು. ನೋಟೋ ಸ್ಯಾನ್ಸ್ ಕನ್ನಡ 900ರವರೆಗೆ ಹೋಗುತ್ತದೆ.

ಇಂಥ ದಪ್ಪ, ವಾಲಿದ ಅಕ್ಷರಗಳು ಎರಡು ಮೂರು ಪದಗಳ ಶೀರ್ಷಿಕೆಗೆ, ಜರ್ಸಿಯ ಸಂಖ್ಯೆಗೆ, ವಾಹನದ ಪಕ್ಕದ ಬರಹಕ್ಕೆ ಹೇಳಿಮಾಡಿಸಿದವು. ಫೋನ್ ನಂಬರ್, ವಿಳಾಸ, ನಿಯಮಗಳಿಗೆ ಖಂಡಿತ ಬೇಡ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಸಣ್ಣದಾಗಿ ಅಚ್ಚಾದರೆ ಸುತ್ತಲಿನ ಶಾಯಿ ಹರಡಿ ಅಂಚುಗಳನ್ನು ತಿಂದುಹಾಕುತ್ತದೆ.

ಫಾಂಟ್ ಇಳಿಸಿಕೊಳ್ಳುವಾಗ ಜಿಪ್ ಒಳಗಿನ ಲೈಸೆನ್ಸ್ ಫೈಲನ್ನೂ ತೆರೆದು ಓದಿ. ‘ಸ್ವಂತ ಬಳಕೆಗೆ ಮಾತ್ರ ಉಚಿತ’ ಎಂದಿದ್ದರೆ ಗಿರಾಕಿಯ ಬೋರ್ಡಿಗೆ ಅದನ್ನು ಬಳಸುವಂತಿಲ್ಲ. ಕಂಪ್ಯೂಟರಿಗೆ ಕೊಂಡ ಲೈಸೆನ್ಸ್ ವೆಬ್‌ಸೈಟಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1 ಇದ್ದರೆ ವ್ಯಾಪಾರದ ಕೆಲಸಕ್ಕೂ ಬಳಸಬಹುದು, ಫಾಂಟ್ ಫೈಲನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ ಅಷ್ಟೆ. ಕೆಲವು ಫೈಲ್‌ಗಳು ಪಿಡಿಎಫ್‌ನಲ್ಲಿ ಎಂಬೆಡ್ ಆಗದಂತೆ (ಅದರ ಒಳಗೇ ಸೇರಿಕೊಳ್ಳದಂತೆ) ಒಳಗಿಂದಲೇ ತಡೆ ಹಾಕಿಕೊಂಡಿರುತ್ತವೆ. ಪಿಡಿಎಫನ್ನು ಅಕ್ರೋಬ್ಯಾಟ್‌ನಲ್ಲಿ ತೆರೆದು ಕಂಟ್ರೋಲ್-ಡಿ ಒತ್ತಿ, ಫಾಂಟ್ಸ್ ಪಟ್ಟಿ ನೋಡಿ. ಹೆಸರಿನ ಪಕ್ಕ ‘ಎಂಬೆಡೆಡ್’ ಎಂದಿಲ್ಲದಿದ್ದರೆ ಅಚ್ಚಿನ ಮನೆಯ ಕಂಪ್ಯೂಟರಿನಲ್ಲಿ ಬೇರೆ ಫಾಂಟ್ ಬಂದು ಕೂರಬಹುದು. ಆ ಫೈಲನ್ನು ಕಳಿಸಬೇಡಿ.